ಬಿಸಿ ಸೂಜಿ

ನಾನು ಹೊಲಿಗೆ ಮೆಷಿನ್ ರಿಪೇರಿಯವನು. ಸೂಜಿ ಯಾಕೆ ಮುರಿಯಿತು, ದಾರ ಯಾಕೆ ಕಡಿಯಿತು ಎಂದು ಕೇಳಿ, ಹೇಳುತ್ತೇನೆ. ಇದೊಂದನ್ನು ಮಾತ್ರ ಕೇಳಬೇಡಿ.

ಚರ್ಮದ ಚೀಲ ಹೊಲಿಯುವ ಅಂಗಡಿಯ ಅಕ್ಕ ಮಟಮಟ ಮಧ್ಯಾಹ್ನ ಕರೆಸಿದ್ದರು. "ಮೂಲೇಲಿರೋ ಮೆಷಿನ್ ನೋಡಪ್ಪಾ, ಹೊಲಿಗೆ ಬಿಟ್ಟು ಬಿಟ್ಟು ಬೀಳ್ತಿದೆ."

ಪ್ಲಗ್ ಕಿತ್ತಿಟ್ಟಿತ್ತು. ಮೆಷಿನ್ನಿನ ಚಕ್ರ ತಿರುಗಿಸುವ ಸವೆದ ಬೆಲ್ಟನ್ನು ಬಿಚ್ಚಿ ನನ್ನ ಚೀಲಕ್ಕೆ ಹಾಕಿ, ಸೂಜಿ ಮುಟ್ಟಿದೆ. ಬೆರಳು ಚುರ್ ಎಂದಿತು. ದಪ್ಪ ಚರ್ಮವನ್ನು ಒಂದೇ ಸಮನೆ ಹೊಲಿದರೆ ಮಾತ್ರ ಸೂಜಿ ಹಾಗೆ ಕಾಯುತ್ತದೆ.

"ಈಗ ಯಾರಕ್ಕಾ ಹೊಲೀತಿದ್ರು?"

"ನಮ್ಮೆಜಮಾನ್ರು ತೀರಿಕೊಂಡ್ಮೇಲೆ ಅಲ್ಲಿ ಯಾರೂ ಕೂತಿಲ್ಲ."

"ಮತ್ತೆ ಹೊಲಿಗೆ ಬಿಡೋದು ಹೇಗೆ ಗೊತ್ತಾಯ್ತು?"

"ಇಷ್ಟು ವರ್ಷ ಕೇಳಿಲ್ವಾ? ಸದ್ದಲ್ಲೇ ಗೊತ್ತಾಗುತ್ತೆ," ಎಂದರು, ಕತ್ತರಿಸುತ್ತಿದ್ದ ಚರ್ಮದಿಂದ ಕಣ್ಣೆತ್ತದೆ.

ನಾನು ಕೆಳಗೆ ದಾರ ಹಿಡಿಯುವ ಕೊಕ್ಕೆಯನ್ನು ಸರಿಮಾಡಿದೆ. ಅಷ್ಟರಲ್ಲಿ ಪೆಡಲ್ ಮೆಲ್ಲಗೆ ಕೆಳಗಿಳಿಯಿತು. ನನ್ನ ಕಾಲು ಅದರ ಮೇಲಿರಲಿಲ್ಲ. ಹೊಸ ಬೆಲ್ಟ್ ನಾಳೆ ತರುತ್ತೇನೆಂದು ಹೇಳಿ ಎದ್ದುಬಿಟ್ಟೆ.

ಮರುದಿನ ಬೆಲ್ಟ್ ಹಿಡಿದು ಹೊರಡುವಷ್ಟರಲ್ಲಿ ಅಕ್ಕನ ಫೋನ್ ಬಂತು. "ಬೆಲ್ಟ್ ಬೇಡಪ್ಪಾ, ಈಗ ಸರಿಹೋಗಿದೆ. ನೀನೇ ಕೇಳು," ಎಂದು ಫೋನನ್ನು ಮೂಲೆಯತ್ತ ಹಿಡಿದರು. ಟಕಟಕ ಸದ್ದು, ಒಂದು ಹೊಲಿಗೆಯೂ ತಪ್ಪದೆ.

ಚೀಲಕ್ಕೆ ಕೈ ಹಾಕಿದೆ. ಹಳೆಯ ಬೆಲ್ಟ್ ಅಲ್ಲೇ ಇತ್ತು, ಬೆಚ್ಚಗೆ.