ನೋಡಲು ಬಾರದವನು

"ಕಿವಿ ಕೇಳಿಸಲ್ವಾ? ಸಿಲ್ವಿ ಅಂತೆ ಸಿಲ್ವಿ! ನಿನ್ನಂಥವಳನ್ನ ಕೆಲಸಕ್ಕಿಟ್ಟವರಿಗೆ ಬುದ್ಧಿ ಇಲ್ಲ!"

ಫ್ರಾನ್ಸಿನ ಗ್ರಾಹಕ ಕಿರುಚುತ್ತಲೇ ಇದ್ದ. ಶೀರಾಜ್‌ಳ ಕಿವಿಯಲ್ಲಿ ಹೆಡ್‌ಫೋನು ಗುಂಯ್‌ಗುಟ್ಟುತ್ತಿತ್ತು. ಕಡಲ ದಂಡೆಯ ಸೂಸ್ ಪಟ್ಟಣದ ಆ ಕಾಲ್ ಸೆಂಟರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಫ್ರೆಂಚ್ ಹೆಸರು ಕೊಟ್ಟಿದ್ದರು, ಇವಳಿಗೆ ಸಿಲ್ವಿ. ಹೆಸರು ಸುಳ್ಳು, ಬೈಗುಳ ಮಾತ್ರ ನಿಜ!

ಉಸಿರು... ಉಸಿರು ಯಾಕೆ ಸಿಗ್ತಿಲ್ಲ?

ಅಷ್ಟರಲ್ಲಿ ಹಿಂದಿನಿಂದ ಯಾರೋ ಬಂದು ಅವಳ ಹೆಡ್‌ಫೋನನ್ನು ಮೆಲ್ಲಗೆ ತೆಗೆದುಕೊಂಡರು. ಅಂದು ಬೆಳಿಗ್ಗೆಯಷ್ಟೇ ಕೆಲಸಕ್ಕೆ ಸೇರಿದ್ದ ಹೊಸ ಮೇಲ್ವಿಚಾರಕ, ವಜ್ದಿ.

"ಬಾಲ್ಕನಿಗೆ ಹೋಗಿ. ಸ್ವಲ್ಪ ಗಾಳಿ ತಗೊಳ್ಳಿ."

"ಮಾತಿನ ಮಧ್ಯೆ ಎದ್ರೆ ಸಂಬಳ ಹಿಡೀತಾರೆ, ಸಾರ್!"

"ನಂದು ಹಿಡೀಲಿ. ಹೋಗಿ ಅಂದ್ನಲ್ಲ!"

ಅವಳ ಕುರ್ಚಿಯಲ್ಲಿ ತಾನೇ ಕೂತ. "ಸ್ವಾಮಿ, ಇನ್ನೊಂದು ಕೆಟ್ಟ ಮಾತು ಬಂದರೆ ಫೋನ್ ಇಡುತ್ತೇನೆ" ಎಂದ. ಆ ಮಹಾನುಭಾವ ಸುಮ್ಮನಿರುವ ಪೈಕಿಯೇ? ವಜ್ದಿ ಫೋನ್ ಇಟ್ಟೇಬಿಟ್ಟ! ಇಡೀ ಕೋಣೆ ಬಾಯಿ ಬಿಟ್ಟು ನೋಡಿತು.

ಬಾಲ್ಕನಿಯ ಬಾಗಿಲಲ್ಲಿ ಶೀರಾಜ್ ಒಮ್ಮೆ ತಿರುಗಿ ನೋಡಿದಳು. ಅವನೂ ನೋಡಿದ. ಅಷ್ಟೇ... ಅವಳ ಮನಸ್ಸು ಅಲ್ಲೇ ಉಳಿಯಿತು.

ಆಮೇಲೆ ವಜ್ದಿಯ ಹೊಸ ನಿಯಮಗಳಿಂದ ಆಫೀಸೇ ಬದಲಾಯಿತು. ಬೈಯುವವನಿಗೆ ಒಂದೇ ಎಚ್ಚರಿಕೆ, ಮತ್ತೆ ಬೈದರೆ ಫೋನ್ ಇಡಬಹುದು. ಎದೆ ಭಾರವಾದರೆ ಯಾರನ್ನೂ ಕೇಳದೆ ಎದ್ದು ಹೋಗಬಹುದು. ಮಂಗಳವಾರ ಮನಸ್ಸಿನ ಡಾಕ್ಟರಮ್ಮ ಬರುತ್ತಾರೆ, ಒಳಗೆ ಯಾರು ಹೋದರೆಂದು ಯಾರೂ ಕೇಳುವಂತಿಲ್ಲ. ಮಾಲೀಕರು ಮೊದಮೊದಲು ಗೊಣಗಿದರು. ಕೆಲಸ ಬಿಟ್ಟು ಓಡುವವರು ನಿಂತ ಮೇಲೆ ಬಾಯಿ ಮುಚ್ಚಿಕೊಂಡರು.

ಬಾಲ್ಕನಿಯಲ್ಲಿ ಅವರಿಬ್ಬರೂ ಕಾಫಿ ಕುಡಿಯುತ್ತಿದ್ದರು. ಮಾತು ಕಮ್ಮಿ. ಅವನು ಸಮುದ್ರ ನೋಡುತ್ತಿದ್ದ, ಅವಳು ಅವನನ್ನು ನೋಡುತ್ತಿದ್ದಳು. ಪಾಪ, ಅವಳು ಬೇರೆ ಕಡೆ ತಿರುಗಿದಾಗ ಅವನು ಏನು ನೋಡುತ್ತಿದ್ದ ಎಂಬುದು ಅವಳಿಗೇನು ಗೊತ್ತು!

ಆದರೆ ವರ್ಷಗಟ್ಟಲೆ ನುಂಗಿದ ಬೈಗುಳ ಅಷ್ಟು ಬೇಗ ಕರಗುತ್ತದೆಯೇ? ಒಂದು ಬೆಳಿಗ್ಗೆ ಆಫೀಸಿನ ಮೆಟ್ಟಿಲ ಬಳಿ ಅವಳ ಕಾಲು ಮೇಲೇಳಲೇ ಇಲ್ಲ. ಅಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ವಜ್ದಿ ಇಳಿದು ಬಂದು ಪಕ್ಕದಲ್ಲಿ ಕೂತ.

"ಡಾಕ್ಟರ್ ಹೇಳೋವರೆಗೂ ರಜೆ ತಗೊಳ್ಳಿ. ಪೂರ್ತಿ ಸಂಬಳ ಬರುತ್ತೆ. ನಿಮ್ಮ ಜಾಗ ನಿಮ್ಮದೇ."

"ನಂಗೆ ಹುಚ್ಚು ಅಂತಾನಾ?"

"ಕಾಲು ಮುರಿದಿದ್ರೆ ಹೀಗೆ ಕೇಳ್ತಿದ್ರಾ?"

ಟ್ಯಾಕ್ಸಿಗೆ ಹತ್ತಿಸಿದ. ಅವಳ ಮುಖ ನೋಡಲಿಲ್ಲ.

ಮನೆಯಲ್ಲಿ ಅಮ್ಮ ಜಮೀಲಾ ಬೀದಿಗೆಲ್ಲ ಬೇರೆಯೇ ಕಥೆ ಹೇಳಿದಳು. "ಪಿತ್ತಕೋಶದಲ್ಲಿ ಕಲ್ಲು!" ಮನಸ್ಸು ದಣಿದಿದೆ ಎಂದರೆ ನಾಳೆ ಮಗಳನ್ನು ಯಾರು ಮದುವೆಯಾಗುತ್ತಾರೆ? ಸರಿ, ನೆರೆಹೊರೆಯವರೆಲ್ಲ ಬೇಯಿಸಿದ ಕ್ಯಾರೆಟ್ ಹಿಡಿದು ಬಂದರು. ಹರೀಸಾ ಖಾರ ಮುಟ್ಟಿದರೆ ಜೋಕೆ ಎಂದು ಗದರಿದರು. ಜಗಳವಾಡಿ ಮಾತು ಬಿಟ್ಟಿದ್ದ ಚಿಕ್ಕಮ್ಮ ಕೂಡ ಬಂದಳು.

ಆಫೀಸಿನಿಂದ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ.

"ಎಲ್ಲಿ ನಿನ್ನ ಆ ವಜ್ದಿ ಸಾಹೇಬ?" ಎಂದು ಅಮ್ಮ ಚುಚ್ಚಿದಳು. "ಕಾಯಿಲೆಯವರನ್ನ ನೋಡೋಕೆ ಶತ್ರೂನೂ ಬರ್ತಾನೆ. ಬರದೇ ಇರೋನು ಸಂಬಂಧ ಕಡಿದ ಅಂತಾನೇ ಲೆಕ್ಕ."

ಶೀರಾಜ್ ಗೋಡೆಯ ಕಡೆ ತಿರುಗಿ ಮಲಗಿದಳು. ಅಮ್ಮ ಹೇಳಿದ್ದು ಸುಳ್ಳಲ್ಲವಲ್ಲ!

ವಾರಗಳು ಉರುಳಿದವು. ನಿದ್ದೆ ಮರಳಿತು, ಹಸಿವು ಮರಳಿತು. ವಿಚಿತ್ರವೆಂದರೆ, ಮನಸ್ಸು ಹಗುರಾದಷ್ಟೂ ಅವನ ನೆನಪು ಹೆಚ್ಚಾಯಿತು. ಫೋನ್ ಗುಂಯ್ ಎಂದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದಳು. ನೋಡಿದರೆ ಚಿಕ್ಕಮ್ಮ! 'ಹೇಗಿದ್ದೀರಿ' ಎಂದು ಬರೆಯುತ್ತಿದ್ದಳು, ಅಳಿಸುತ್ತಿದ್ದಳು.

ಒಂದು ಮಾತು, ವಜ್ದಿ... ಒಂದೇ ಒಂದು ಮಾತು. ನಾನು ಅಷ್ಟು ಬೇಡವಾದೆನಾ?

ಕೊನೆಗೆ ನಿರ್ಧರಿಸಿದಳು. ಕೆಲಸ ಬಿಡುವುದೇ ಸರಿ. ಅವನನ್ನು ದಿನಾ ನೋಡುತ್ತಾ ಪರಕೀಯಳಂತೆ ಇರಲು ತನ್ನಿಂದಾಗದು.

ಮರುದಿನ ಮೀನು ಮಾರುಕಟ್ಟೆಯಲ್ಲಿ ಸಹೋದ್ಯೋಗಿ ಸಿಹೆಮ್ ಕಣ್ಣಿಗೆ ಬಿದ್ದಳು. ಬಿದ್ದವಳೇ ಮೀನಿನ ಬುಟ್ಟಿಗಳ ಹಿಂದೆ ಅಡಗಿಕೊಂಡಳು!

"ಏಯ್ ಸಿಹೆಮ್! ನನಗೇನು ಅಂಟುರೋಗಾನಾ?"

"ಅಯ್ಯೋ, ಮಾತಾಡಿಸ್ಬೇಡ ಮಾರಾಯ್ತಿ! ವಜ್ದಿ ಕೊಂದೇಬಿಡ್ತಾನೆ!"

"ವಜ್ದಿನಾ?"

"ಅವನದೇ ಕಟ್ಟಪ್ಪಣೆ ಕಣೆ! ರಜೇಲಿ ಇರೋರಿಗೆ ಆಫೀಸಿನವರು ಯಾರೂ ಫೋನ್ ಮಾಡ್ಬಾರ್ದು, ಮನೆಗೂ ಹೋಗ್ಬಾರ್ದು. ನಾನೇ ಜಗಳ ಆಡ್ದೆ. 'ಇದು ಸೂಸ್ ಕಣಪ್ಪಾ, ಹೋಗ್ದಿದ್ರೆ ಅವಮಾನ' ಅಂದೆ. ಹಿಂದೆ ಅವನಿಗೂ ನಿನ್ನ ಹಾಗೇ ಆಗಿತ್ತಂತೆ. ಆಗ ಅವನ ಹಳೇ ಆಫೀಸಿನವರು ಹಣ್ಣು ಹಿಡ್ಕೊಂಡು ಬಂದು, ಹಾಸಿಗೆ ಪಕ್ಕ ಕೂತು, ಯಾವಾಗ ಬರ್ತೀಯ, ಯಾವಾಗ ಬರ್ತೀಯ ಅಂತ ಜೀವ ತಿಂದ್ರಂತೆ. 'ಅವಳಿಗೆ ಆ ಕಾಟ ಬೇಡ' ಅಂದ."

ಶೀರಾಜ್‌ಳ ಕೈ ಅವಳ ತೋಳು ಹಿಡಿಯಿತು. "ನನ್ನ ಬಗ್ಗೆ... ಏನಾದ್ರೂ ಕೇಳ್ತಾನಾ?"

"ಕೇಳಿದ್ರೆ ತಾನೇ! ದಿನಾ ನನ್ನ ಟೇಬಲ್ ಹತ್ರ ಬಂದು ನಿಲ್ತಾನೆ. ಗಂಟಲು ಸರಿ ಮಾಡ್ಕೋತಾನೆ. ಹೋಗ್ತಾನೆ. ನೋಡೋಕಾಗಲ್ಲ ಕಣೆ ಅವನ ಪಾಡು!"

ಮೀನು ಕೊಳ್ಳುವುದನ್ನು ಮರೆತು ಅವಳು ನೇರ ಕಡಲ ದಂಡೆಗೆ ನಡೆದಳು. ಅವನು ಕರೆ ಮಾಡುವಂತಿಲ್ಲ. ತಾನು ಮಾಡಬಾರದೆಂದು ಯಾರೂ ಹೇಳಿಲ್ಲವಲ್ಲ!

ಮೊದಲ ರಿಂಗಿಗೇ ಅವನು ಫೋನ್ ಎತ್ತಿದ. "ಶೀರಾಜ್?"

"ಕಡಲ ದಂಡೇಲಿದೀನಿ. ಬರ್ತೀರಾ?"

ಅವನು ಬಂದದ್ದು ಓಡಿಕೊಂಡೇ ಇರಬೇಕು, ಏದುಸಿರು ನಿಂತಿರಲಿಲ್ಲ. ತುಸು ದೂರದಲ್ಲೇ ನಿಂತ.

"ಹೇಗಿದ್ದೀರಿ ಅಂತ... ಕೇಳಬಹುದಾ?"

"ಪೂರ್ತಿ ಸರಿ ಹೋಗಿಲ್ಲ. ಕೆಲವು ದಿನ ಬೆಳಿಗ್ಗೆ ಈಗಲೂ ಭಯ ಆಗುತ್ತೆ." ಅವಳ ಕಣ್ಣು ತುಂಬಿತು. "ಆದ್ರೆ ನೀವು ಬರಲಿಲ್ಲವಲ್ಲ, ಅದು ಎಲ್ಲಕ್ಕಿಂತ ನೋವಾಯ್ತು. ನನ್ನನ್ನ ಕೈಬಿಟ್ರಿ ಅಂದ್ಕೊಂಡೆ!"

ಅವನು ತಲೆ ತಗ್ಗಿಸಿದ. "ನಾನು ಬಂದಿದ್ರೆ ಮೇಲಧಿಕಾರಿ ಬಂದ ಅಂತ ನೀವು ಎದ್ದು ಕೂರ್ತಿದ್ರಿ, ನಗ್ತಿದ್ರಿ. ಆ ನಗು ನಂಗೆ ಗೊತ್ತು ಶೀರಾಜ್, ನಾನೂ ನಕ್ಕಿದೀನಿ. ಆದ್ರೆ ನೀವು ಕಾಯ್ತಿರ್ತೀರಿ ಅಂತ ಹೊಳೀಲೇ ಇಲ್ಲ. ನಾನೊಬ್ಬನೇ ಕಾಯ್ತಿದೀನಿ ಅಂದ್ಕೊಂಡಿದ್ದೆ."

ಅಲೆಯೊಂದು ಬಂದು ಇಬ್ಬರ ಚಪ್ಪಲಿಯನ್ನೂ ಒದ್ದೆ ಮಾಡಿತು. ಯಾರೂ ಸರಿಯಲಿಲ್ಲ.

"ನೀವು ವಾಪಸ್ ಬರೋ ಹೊತ್ತಿಗೆ ನಿಮ್ಮ ತಂಡ ಬೇರೆಯವರ ಕೈಲಿರುತ್ತೆ. ನಾನೇ ಕೇಳಿಕೊಂಡೆ" ಎಂದ ಅವನು. "ನಿಮ್ಮ ಮೇಲಧಿಕಾರಿಯಾಗಿ ಇದನ್ನ ಹೇಳಬಾರದು. ನಂಗೆ ನೀವಂದ್ರೆ ಪ್ರಾಣ. ಉತ್ತರ ಈಗಲೇ ಬೇಡ. ಇಲ್ಲ ಅಂದ್ರೂ ನಿಮ್ಮ ಕೆಲಸಕ್ಕೇನೂ ಆಗಲ್ಲ."

ಶೀರಾಜ್ ಕಣ್ಣೊರೆಸಿಕೊಂಡಳು.

"ಶುಕ್ರವಾರ ಮನೆಗೆ ಬನ್ನಿ. ನಿಮ್ಮ ಅಮ್ಮನ್ನೂ ಕರ್ಕೊಂಡು ಬನ್ನಿ."

"ಅಮ್ಮನ್ನಾ? ನಿಮ್ಮನ್ನ ನೋಡ್ಕೊಂಡು ಹೋಗೋಕಾ?"

"ಕಾಯಿಲೆ ನೋಡೋಕೆ ಬರೋರು ಬಂದಾಯ್ತು."

"ಮತ್ತೆ ಯಾವುದಕ್ಕೆ?"

"ಅದನ್ನೂ ನಾನೇ ಹೇಳ್ಬೇಕಾ!"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನು ಅತ್ತನೋ ನಕ್ಕನೋ ಅವಳಿಗೆ ತಿಳಿಯಲಿಲ್ಲ, ಅವನ ಕೈ ಮಾತ್ರ ಅವಳ ಕೈಯಲ್ಲಿತ್ತು.