ಗಡಿ ಗೇಟು ದಾಟಿದ ಕಾರು

ರಾಜಧಾನಿ ಬಿಟ್ಟು ಎಕ್ಸ್‌ಪ್ರೆಸ್ ರಸ್ತೆ ಹಿಡಿದವರಿಗೆಲ್ಲ ಆ ಬೋರ್ಡು ಕಾಣುತ್ತಿತ್ತು. ಹಾಸಿಗೆ ಗೋದಾಮಿನ ನೆತ್ತಿಯ ಮೇಲೆ ಇಬ್ಬರ ಹೆಸರು: ಅವನದು, ಅವನ ಹೆಂಡತಿಯ ಅಣ್ಣನದು. ಹೋದ ತಿಂಗಳು ಭಾವ ಪೇಂಟರನ್ನು ಏಣಿ ಹತ್ತಿಸಿ ಅವನ ಹೆಸರಿನ ಮೇಲೆ ಬಿಳಿ ಬಣ್ಣ ಬಳಿಸಿದ. ಪಾಲುದಾರಿಕೆ ಮುರಿದದ್ದನ್ನು ಅವನು ಹೇಗೋ ನುಂಗಿಕೊಂಡಿದ್ದ. ಹೋಗಿಬರುವವರೆಲ್ಲ ನೋಡುವಂತೆ ಹೆಸರು ಅಳಿಸಿದ್ದು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು.

"ಹೆಸ್ರು ಒಂದೇ ಇದ್ರೆ ಓದೋಕೆ ಸಲೀಸು ನೋಡು," ಎಂದು ಭಾವ ಬೇರೆ ನಕ್ಕಿದ್ದ. ಗೋದಾಮು ಸುಟ್ಟು ಬೂದಿಯಾಗಬೇಕು, ಆಗ ತಾನು ಊರಲ್ಲೇ ಇರಬಾರದು ಎಂದು ಅವನು ಅಂದೇ ನಿರ್ಧರಿಸಿದ.

ಊರಲ್ಲಿ ಇರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ! ಮನುಷ್ಯರನ್ನು ಅವನು ನಂಬುವವನಲ್ಲ. ಸಮಯ ಬಂದರೆ ಉಲ್ಟಾ ಹೊಡೆಯುತ್ತಾರೆ. ಅದೇ ರಸ್ತೆಯ ಕೊನೆಗಿರುವ ಗಡಿಯ ಟೋಲ್ ಗೇಟಿಗೆ ಆ ಚಾಳಿಯಿಲ್ಲ. ಗಾಜಿಗೆ ಅಂಟಿಸಿದ ಟ್ಯಾಗ್ ಓದುತ್ತದೆ, ದುಡ್ಡು ಕಿತ್ತುಕೊಳ್ಳುತ್ತದೆ, ಹೊತ್ತು ದಾಖಲಿಸುತ್ತದೆ. ಸ್ಟಿಯರಿಂಗ್ ಹಿಡಿದವನು ಯಾರೆಂದು ಕೇಳುವುದಿಲ್ಲ. ಅವನು ಕಾರನ್ನೂ ಫೋನನ್ನೂ ತಮ್ಮನ ಕೈಗಿತ್ತು, ಮಧ್ಯಾಹ್ನ ತಾನು ಗೊತ್ತುಮಾಡಿದ ಹೊತ್ತಿಗೆ, ಅಂದರೆ ಬೆಂಕಿ ಬಿದ್ದ ಸ್ವಲ್ಪದರಲ್ಲೇ, ಗಡಿ ದಾಟುವಂತೆಯೂ ಸಂಜೆ ಗೇಟಿಲ್ಲದ ಹಳೇ ರಸ್ತೆಯಲ್ಲಿ ವಾಪಸಾಗುವಂತೆಯೂ ಹೇಳಿದ. ತಮ್ಮ ಯಾಕೆಂದು ಕೇಳಲಿಲ್ಲ. ಅಣ್ಣನೆದುರು ಒಂದು ಮಾತನ್ನೂ ಮುಗಿಸಿ ಅವನಿಗೆ ಗೊತ್ತಿರಲಿಲ್ಲ. ಅವನನ್ನು ಆರಿಸಿದ್ದೂ ಅದಕ್ಕೇ.

ಅಂದು ರಜೆ. ಗೋದಾಮಿನ ಹಿಂಬಾಗಿಲನ್ನು ತುಸು ಎತ್ತಿ ತಳ್ಳಿದರೆ ತೆರೆದುಕೊಳ್ಳುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಳಗೆ ಯಾರೂ ಇಲ್ಲವೆಂದು ಮೂಲೆಮೂಲೆ ಸುತ್ತಿ ನೋಡಿದ, ಅವನೇನು ಕೊಲೆಗಡುಕನಲ್ಲ. ಮೊದಲ ಕಡ್ಡಿ ಬೆರಳಲ್ಲೇ ಮುರಿಯಿತು, ಎರಡನೆಯದಕ್ಕೆ ಫೋಮಿನ ರಾಶಿ ಭಗ್ಗೆಂದಿತು. ಹಿತ್ತಲ ಬೇಲಿ ದಾಟಿ ತಿರುಗಿ ನೋಡಿದರೆ ಕಪ್ಪು ಹೊಗೆ ಬೋರ್ಡನ್ನು ನುಂಗಿ ರಸ್ತೆಯ ಮೇಲೆಲ್ಲ ಕವಿಯುತ್ತಿತ್ತು. ಅಷ್ಟೊಂದು ಹೊಗೆಯನ್ನು ಅವನು ನಿರೀಕ್ಷಿಸಿರಲಿಲ್ಲ. ಖುಷಿಯೇ ಆಯಿತು.

ಸಂಜೆ ಭಾವನ ಮನೆಯ ತಿರುವಿನಲ್ಲಿ ತಮ್ಮ ಬಂದು ಕಾರು, ಫೋನು ಒಪ್ಪಿಸಿದ.

"ಅಣ್ಣಾ, ಆ ಗೇಟಲ್ಲಿ..."

"ದಾಟಿದ್ಯೋ ಇಲ್ವೋ?"

"ದಾಟ್ದೆ. ಆದ್ರೆ..."

"ಸಾಕು, ಮನೆಗೆ ನಡಿ."

ಒಳಗೆ ಭಾವ ತಲೆಗೆ ಕೈಹೊತ್ತು ಕೂತಿದ್ದ. ಪಕ್ಕದಲ್ಲಿ ಹೆಂಡತಿ ಅಣ್ಣನಿಗಾಗಿ ಅಳುತ್ತಿದ್ದಳು. ವಿಚಾರಣೆಗೆ ಬಂದಿದ್ದ ಇನ್ಸ್‌ಪೆಕ್ಟರು ಎಲ್ಲರನ್ನೂ ಕೇಳಿದಂತೆ ಅವನನ್ನೂ ಕೇಳಿದರು: ಮಧ್ಯಾಹ್ನ ಎಲ್ಲಿದ್ರಿ?

"ಗಡಿ ಗೇಟಲ್ಲಿದ್ದೆ ಸಾರ್," ಎಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನ್ನು ಶುರು ಮಾಡಿದ. "ಉದ್ದಕ್ಕೆ ಸಾಲು. ಟ್ಯಾಗ್ ಓದೋದು ತಡ ಆಯ್ತು. ಹಿಂದಿದ್ದ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ತಲೆ ತಿಂದ. ಅಂತೂ ದುಡ್ಡು ಕಟ್ ಆಗಿ ಗೇಟು ಎದ್ದಿತು. ಬೇಕಿದ್ರೆ ಮೆಸೇಜ್ ನೋಡಿ."

ಇನ್ಸ್‌ಪೆಕ್ಟರು ಫೋನು ತೆಗೆದುಕೊಂಡು ಬೆರಳಾಡಿಸಿದರು, ಇನ್ನೊಮ್ಮೆ ಆಡಿಸಿದರು. ಹೆಂಡತಿ ಅಳು ನಿಲ್ಲಿಸಿ ಅವನ ಮುಖವನ್ನೇ ನೋಡತೊಡಗಿದಳು. ಇನ್ಸ್‌ಪೆಕ್ಟರು ತಲೆಯೆತ್ತಿದರು. "ಹೊಗೆ ರಸ್ತೆಗೆ ಕವಿದ ಕೂಡ್ಲೇ, ಆಚೆಯಿಂದ ಬೆಂಕಿ ಆರಿಸೋ ಗಾಡಿಗಳು ಸರಾಗವಾಗಿ ಬರ್ಲಿ ಅಂತ ನಾವೇ ಗಡಿ ಗೇಟು ಎತ್ತಿಸಿಬಿಟ್ವಿ. ಇನ್ನೂ ಇಳಿಸಿಲ್ಲ. ಅಲ್ಲಿ ಯಾರೂ ನಿಂತಿಲ್ಲ, ಯಾರ ದುಡ್ಡೂ ಕಟ್ ಆಗಿಲ್ಲ," ಎಂದರು. ಫೋನನ್ನು ಅವನಿಗೆ ಕೊಡದೆ ಜೇಬಿಗಿಳಿಸಿ ಕೇಳಿದರು: "ಹಾಗಿದ್ಮೇಲೆ ಆ ಲಾರಿಯವನು ಯಾಕ್ರೀ ಹಾರ್ನ್ ಹೊಡೆದ?"