ಜುಂಜಮ್ಮನಿಗೊಂದು ಕೆಲಸ

“ಕೆಲ್ಸ ಯಾವಾಗ ಕೊಡ್ತೀರಿ ಸಾರ್?”

ಟೈಪಿಂಗ್ ಕಲಿಯಲು ಸೇರಿದ ಮೂರನೇ ದಿನವೇ ಜುಂಜಮ್ಮ ಹೀಗೆ ಕೇಳಿದಾಗ ಪಾಲಯ್ಯನಿಗೆ ನಗು ತಡೆಯಲಾಗಲಿಲ್ಲ. ಹೊಸದುರ್ಗದ ಆ ಪುಟ್ಟ ಇನ್‌ಸ್ಟಿಟ್ಯೂಟಿನಲ್ಲಿ ಅವನು ಬರೀ ಕಲಿಸುವವನು.

“ನಾವು ಕಲಿಸ್ತೀವಿ ಕಣ್ರಿ. ಕೆಲ್ಸ ಕೊಡೋರು ಬೇರೆ ಅವ್ರೆ.”

ಅವಳ ಮುಖ ಸಪ್ಪಗಾಯಿತು. ಶ್ರೀರಾಂಪುರದ ಹತ್ತಿರದ ಹಟ್ಟಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪ ಮುದ್ದಪ್ಪ ಕುರಿ ಕಾಯುವವನು. ಇಬ್ಬರು ತಂಗಿಯರು ಶಾಲೆಗೆ ಹೋಗುತ್ತಿದ್ದರು. ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ ಇವಳೇ. ಕಲಿತರೆ ಇಲ್ಲೇ ಕೆಲಸ ಕೊಡುತ್ತಾರೆಂದು ನಂಬಿ ಬಂದಿದ್ದಳು. ತಲೆ ತಗ್ಗಿಸಿ ಮತ್ತೆ ಟೈಪ್ ಮಾಡತೊಡಗಿದಳು. ನಕ್ಕಿದ್ದಕ್ಕೆ ಪಾಲಯ್ಯನಿಗೆ ನಾಚಿಕೆಯಾಯಿತು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಟೈಪಿಂಗ್ ಪರೀಕ್ಷೆ ಪಾಸಾದಳು. ಚಿತ್ರದುರ್ಗಕ್ಕೆ ಹೋಗಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿದಳು. ವರ್ಷ ಕಳೆದರೂ ಒಂದು ಕಾಗದ ಬರಲಿಲ್ಲ.

“ಅರ್ಜಿ ಹಾಕಿ ಕುಂತ್ರೆ ಆಗಲ್ಲ. ನಿಮ್ಮ ಕೆಲ್ಸ ನಾಲ್ಕು ಜನದ ಕಣ್ಣಿಗೆ ಬೀಳ್ಬೇಕು,” ಎಂದ ಪಾಲಯ್ಯ, ಹಳೆಯ ಟೈಪಿಂಗ್ ಮಿಷನ್ನೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ತಾಲ್ಲೂಕು ಕಚೇರಿ ಎದುರಿನ ಹೋಟೆಲ್ ಜಗಲಿಯ ಮೇಲಿಟ್ಟ. ಅಲ್ಲಿ ಕುಳಿತು ಅವಳು ಬಂದವರ ಅರ್ಜಿಗಳನ್ನು ಪುಕ್ಕಟೆ ಟೈಪ್ ಮಾಡಿಕೊಟ್ಟಳು. ಅವನು ಪಕ್ಕದಲ್ಲಿ ಕಾರ್ಬನ್ ಹಾಳೆ ಜೋಡಿಸಿಕೊಡುತ್ತಿದ್ದ. ಆ ಮಸಿ ಅವಳ ಕೆನ್ನೆಗೆ ಹತ್ತಿದರೂ ಹೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ.

“ಏನ್ ನೋಡ್ತೀರಿ?”

“ತಪ್ಪು ಹುಡುಕ್ತಿದೀನಿ.”

“ಸಿಕ್ತಾ?”

“ಇನ್ನೂ ಇಲ್ಲ.”

ಅವಳು ತುಟಿ ಕಚ್ಚಿ ನಗು ಅಡಗಿಸುತ್ತಿದ್ದಳು.

ಬಸ್ ಕಂಡಕ್ಟರು, ತೆಂಗಿನಕಾಯಿ ವ್ಯಾಪಾರಿಗಳು, ಓವರ್‌ಸಿಯರು, ಸಿಕ್ಕವರಿಗೆಲ್ಲ ಪಾಲಯ್ಯ ಒಂದೇ ಮಾತು ಹೇಳುತ್ತಿದ್ದ: “ಒಳ್ಳೆ ಟೈಪಿಸ್ಟ್ ಒಬ್ರು ಅವ್ರೆ. ಎಲ್ಲಾದ್ರೂ ಜಾಗ ಇದ್ರೆ ಹೇಳ್ರಿ.” ಆ ಮಾತು ಬಾಯಿಂದ ಬಾಯಿಗೆ ಹೋಗಿ ಮಾರಿಕಣಿವೆ ಅಣೆಕಟ್ಟೆಯ ನೀರಾವರಿ ಕಚೇರಿ ಮುಟ್ಟಿತು. ಅಲ್ಲಿನ ಗುಮಾಸ್ತ ಹನುಮಂತಯ್ಯ ಬಂದು ಅವಳ ಕೆಲಸ ನೋಡಿ ಮೆಚ್ಚಿ, ಸಾಹೇಬರಿಗೆ ಹೇಳಿ ಕೆಲಸ ಕೊಡಿಸಿದರು. ತಾತ್ಕಾಲಿಕ ಹುದ್ದೆ. ಸೋಮವಾರವೇ ಬರಬೇಕು.

ಅದೇ ಮಾತು ಹಟ್ಟಿಯನ್ನೂ ಮುಟ್ಟಿತ್ತು. ಬೇರೆ ಜಾತಿಯ ಮೇಷ್ಟ್ರು ಈ ಹುಡುಗಿಗಾಗಿ ಇಷ್ಟು ಅಲೆಯುವುದೇಕೆ ಎಂದು ಜನ ಆಡಿಕೊಂಡರು.

ಮುದ್ದಪ್ಪ ಕೂಗಾಡಲಿಲ್ಲ. “ಕೆಲ್ಸಕ್ಕೆ ಹೋಗವ್ವ, ನಾನೇ ಬಿಟ್ಟು ಬರ್ತೀನಿ. ಆದ್ರೆ ಆ ಮೇಷ್ಟ್ರ ಸಹವಾಸ ಇವತ್ತಿಗೇ ಬಿಡ್ಬೇಕು. ಆಗಲ್ಲ ಅಂದ್ರೆ ನೀನೂ ಮನೇಲಿರು, ನಿನ್ ತಂಗೇರನ್ನೂ ಶಾಲೆ ಬಿಡಿಸ್ತೀನಿ.”

ತಂಗಿಯರಿಬ್ಬರೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರ ಮುಖ ನೋಡಿ ಜುಂಜಮ್ಮ, “ಆಯ್ತಪ್ಪ,” ಎಂದಳು.

ಸೋಮವಾರ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮುದ್ದಪ್ಪ ಟ್ರಂಕು ಏರಿಸಲು ಬಸ್ಸಿನ ಮೇಲೆ ಹತ್ತಿದ್ದ. ಪಾಲಯ್ಯ ಅವಳ ಕಿಟಕಿಯ ಬಳಿ ಬಂದು ನಿಂತ.

“ಊರನ್ನೆಲ್ಲ ಕೇಳ್ದೆ, ನಿನಗೊಂದು ಕೆಲ್ಸ ಕೊಡ್ರಿ ಅಂತ. ನಿನ್ನ ಕೇಳ್ಬೇಕಾದ್ದು ಮಾತ್ರ ಕೇಳ್ಲಿಲ್ಲ.”

ಅವಳನ್ನು ‘ನೀನು’ ಎಂದದ್ದು ಅದೇ ಮೊದಲು. ಅವಳ ಕಣ್ಣು ತುಂಬಿ ಬಂತು.

“ಈಗ ಕೇಳ್ಬ್ಯಾಡ್ರಿ. ಹೂಂ ಅಂದ್ಬಿಡ್ತೀನಿ.”

ಮುದ್ದಪ್ಪ ಇಳಿದು ಬಂದು ಮಗಳ ಪಕ್ಕ ಕುಳಿತ. ಕಂಡಕ್ಟರ್ ಸೀಟಿ ಊದಿದ. ಪಾಲಯ್ಯ ಆ ಪ್ರಶ್ನೆ ಕೇಳಲಿಲ್ಲ. ಬಸ್ಸು ಹಿರಿಯೂರು ರಸ್ತೆಗೆ ತಿರುಗಿ ಕಣ್ಮರೆಯಾಗುವವರೆಗೂ ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದ.